ಯಾವ ಪೇಪರನ್ನು ಎಷ್ಟು ಆಳಕ್ಕೆ ಓದಬೇಕು?

ಪಿಎಚ್‌ಡಿಗೆ ಹೊಸದಾಗಿ ಸೇರಿದವರ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಇದ್ದೇ ಇರುತ್ತದೆ. ಒಳಗೆ ನೂರಾರು ಪಿಡಿಎಫ್, ಅರ್ಧದಷ್ಟರ ಹೆಸರು ಬರೀ ಅಂಕಿಗಳು. ಮೊದಲ ಕೆಲವು ಪೇಪರುಗಳ ಮೊದಲ ಎರಡು ಪುಟಗಳಲ್ಲಿ ಸಾಲಿಗೆ ಸಾಲು ಹಳದಿ ಬಣ್ಣ ಬಳಿದಿರುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಬಿಳಿ. ಇದು ಸೋಮಾರಿತನವಲ್ಲ. ಪಠ್ಯಪುಸ್ತಕ ಓದಿ ಪರೀಕ್ಷೆ ಬರೆದು ಬೆಳೆದವರು ಸಂಶೋಧನಾ ಲೇಖನವನ್ನೂ ಹಾಗೇ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲು ಕೂರುತ್ತಾರೆ. ಇಂಗ್ಲಿಷ್ ಬೇರೆ ತೊಡಕು. ಒಂದು ಪೇಪರಿಗೆ ಎರಡು ದಿನ ಹಿಡಿಯುತ್ತದೆ, ಮೂರನೇ ದಿನಕ್ಕೆ ಓದಿದ್ದು ನೆನಪಿರುವುದಿಲ್ಲ, ‘ನನಗಿದು ಆಗುವ ಕೆಲಸವಲ್ಲ’ ಅನ್ನಿಸಿಬಿಡುತ್ತದೆ.

ಹಿಂದೆ ಪೇಪರ್ ಸಿಗುವುದೇ ಕಷ್ಟವಿತ್ತು. ಬೆಂಗಳೂರಿನ ಗೆಳೆಯರಿಗೆ ಹೇಳಿ ಜೆರಾಕ್ಸ್ ತರಿಸಿಕೊಳ್ಳಬೇಕಿತ್ತು. ಈಗ ಕಷ್ಟದ ದಿಕ್ಕು ಬದಲಾಗಿದೆ. 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ 30 ಪ್ರಕಾಶಕರ 13,000ಕ್ಕೂ ಹೆಚ್ಚು ಜರ್ನಲ್‌ಗಳ ಬಾಗಿಲು ತೆರೆದಿದೆ. ಥೀಸಿಸ್‌ಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ. ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಯಲ್ಲಿ ಕೂತ ವಿದ್ಯಾರ್ಥಿಯ ಮುಂದೆ ಈಗ ಒಂದು ಜನ್ಮದಲ್ಲಿ ಓದಿ ಮುಗಿಸಲಾರದಷ್ಟು ಪೇಪರುಗಳಿವೆ. ಆದ್ದರಿಂದ ಯಾವುದನ್ನು ಬಿಡಬೇಕು, ಯಾವುದರ ಜೊತೆ ನಾಲ್ಕು ದಿನ ಕೂರಬೇಕು ಎಂದು ತೀರ್ಮಾನಿಸುವುದೇ ಸಂಶೋಧನೆಯ ಮೊದಲ ಕೌಶಲವಾಗಿದೆ.

ಆ ತೀರ್ಮಾನಕ್ಕೆ ಅಳತೆಗೋಲು ನಿಮ್ಮ ಪ್ರಶ್ನೆ. ಪೇಪರ್ ಎಷ್ಟು ದೊಡ್ಡ ಜರ್ನಲ್‌ನದ್ದು, ಬರೆದವರು ಯಾರು ಎಂಬುದೆಲ್ಲ ಆಮೇಲೆ. ನಮ್ಮ ಭಾಗದ್ದೇ ಒಂದು ಉದಾಹರಣೆ ನೋಡಿ. 2018ರಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಆರ್ಮಿವರ್ಮ್, ನಮ್ಮ ರೈತರು ಸೈನಿಕ ಹುಳು ಅನ್ನುವುದು, ಭಾರತಕ್ಕೆ ಕಾಲಿಟ್ಟಿದೆ ಎಂದು ಮೊದಲ ಬಾರಿಗೆ ವರದಿ ಮಾಡಿದರು. ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳ ಬೆಳೆಗಾರರ ಔಷಧಿ ಖರ್ಚಿನ ಮೇಲೆ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುವವರಿಗೆ ಆ ಪೇಪರಿನಿಂದ ಬೇಕಾದದ್ದು ಒಂದೇ ಸಂಗತಿ: ಹುಳು ಯಾವಾಗ, ಎಲ್ಲಿ ಕಾಣಿಸಿತು. ಐದು ನಿಮಿಷ ಸಾಕು. ಹುಳುವಿನ ಹತೋಟಿಯ ಬಗ್ಗೆ ಕೆಲಸ ಮಾಡುವ ಕೃಷಿ ವಿದ್ಯಾರ್ಥಿಗೆ ಹಾನಿಯ ಲಕ್ಷಣ, ಬೆಳೆಯ ಹಂತ ಬೇಕು, ಅರ್ಧ ಗಂಟೆ. ಇದು ಆ ಹುಳುವೇ ಎಂದು ಹೇಗೆ ಗುರುತಿಸಿದರು ಎಂಬುದೇ ತನ್ನ ವಿಷಯವಾದ ಕೀಟಶಾಸ್ತ್ರದ ವಿದ್ಯಾರ್ಥಿ ಮಾತ್ರ ಒಂದೊಂದು ಚಿತ್ರ, ಒಂದೊಂದು ಅಡಿಬರಹ ಬಿಡದೆ ಓದಬೇಕು. ಪೇಪರ್ ಒಂದೇ, ಆಳ ಮೂರು. ಮೂವರೂ ಸರಿಯಾಗಿಯೇ ಓದಿದ್ದಾರೆ.

ಹಾಗಾಗಿ ಪಿಡಿಎಫ್ ತೆರೆಯುವ ಮುನ್ನ ‘ಇದರಿಂದ ನನಗೆ ಏನು ಬೇಕು’ ಎಂದು ಒಂದು ಸಾಲು ಬರೆದುಕೊಳ್ಳಿ. ಬರೆಯಲು ಏನೂ ತೋಚದಿದ್ದರೆ ಆ ಪೇಪರನ್ನು ಇವತ್ತು ತೆರೆಯಬೇಡಿ.

ಮೊದಲ ಓದಿಗೆ ಹತ್ತು ನಿಮಿಷ ಮೀರಬಾರದು. ದಾವಣಗೆರೆ ಎಪಿಎಂಸಿಯಲ್ಲಿ ಖರೀದಿದಾರರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಮೆಕ್ಕೆಜೋಳ ತೆಗೆದು ನೋಡುತ್ತಾರಲ್ಲ, ಅಂಥ ಓದು ಇದು. ಶೀರ್ಷಿಕೆ, ಸಾರಾಂಶ, ಪೀಠಿಕೆಯ ಕೊನೆಯ ಪ್ಯಾರಾ (ಲೇಖಕರು ತಾವು ಮಾಡಿದ್ದೇನೆಂದು ಸಾಮಾನ್ಯವಾಗಿ ಅಲ್ಲೇ ಹೇಳಿರುತ್ತಾರೆ), ಉಪಶೀರ್ಷಿಕೆಗಳು, ಟೇಬಲ್ಲು ಮತ್ತು ಚಿತ್ರಗಳು, ಕೊನೆಗೆ ಉಪಸಂಹಾರ. ಮಧ್ಯದ್ದನ್ನು ಮುಟ್ಟಬೇಡಿ. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ ಅವರು 2007ರಲ್ಲಿ ಪೇಪರ್ ಓದುವ ಬಗೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿ ಅವರು ಹೇಳುವುದು ಮೂರು ಸುತ್ತಿನ ಓದು. ಮೊದಲ ಸುತ್ತಿಗೆ ಐದರಿಂದ ಹತ್ತು ನಿಮಿಷ, ಎರಡನೆಯದಕ್ಕೆ ಸುಮಾರು ಒಂದು ಗಂಟೆ, ಮೂರನೆಯದಕ್ಕೆ ಹೊಸಬರಿಗೆ ನಾಲ್ಕೈದು ಗಂಟೆ. ಮೂರನೇ ಸುತ್ತಿನಲ್ಲಿ ಓದುಗ ಆ ಕೆಲಸವನ್ನು ತಾನೇ ಮಾಡುತ್ತಿರುವಂತೆ ಮನಸ್ಸಿನಲ್ಲಿ ಮತ್ತೆ ಕಟ್ಟಬೇಕು ಎನ್ನುತ್ತಾರೆ. ನನ್ನ ಅನುಭವದಲ್ಲಿ ಬಹುಪಾಲು ಪೇಪರುಗಳು ಮೊದಲ ಸುತ್ತಿಗೇ ಮುಗಿಯುತ್ತವೆ. ಅದಕ್ಕೆ ಪಾಪಪ್ರಜ್ಞೆ ಪಡಬೇಕಿಲ್ಲ.

ಎರಡನೇ ಸುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾದದ ಎಳೆ ಹಿಡಿದುಕೊಂಡು ಓದಬೇಕು, ಸೂತ್ರ ಮತ್ತು ಗಣಿತದ ವಿವರಗಳನ್ನು ದಾಟಿಕೊಂಡು ಹೋಗಬೇಕು, ಕೊನೆಗೆ ಸ್ನೇಹಿತರಿಗೆ ಮೂರು ನಿಮಿಷದಲ್ಲಿ ಅದನ್ನು ಹೇಳಲು ಬರಬೇಕು, ಅಷ್ಟೇ. ನಿಜವಾಗಿ ಯಾರೂ ಕಲಿಸದೆ ಉಳಿಯುವುದು ಮೂರನೇ ಸುತ್ತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಜಗಳೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ನಿಮ್ಮ ವಿಷಯ ಎಂದುಕೊಳ್ಳಿ. ನಿಮ್ಮ ಮುಂದೆ ಅಂಥದ್ದೇ ಪ್ರದೇಶದ ಒಂದು ಪೇಪರ್ ಇದೆ. ಸಾರಾಂಶದಲ್ಲಿ ಸರಾಸರಿ ಫ್ಲೋರೈಡ್ ಲೀಟರಿಗೆ 1.2 ಮಿಲಿಗ್ರಾಂ ಎಂದಿದೆ. (ಇದು ಮತ್ತು ಮುಂದಿನ ಮಾದರಿಯ ಅಂಕಿಗಳು ವಿವರಣೆಗೆಂದು ನಾನು ಇಟ್ಟುಕೊಂಡವು.) ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 1.5. ಭಾರತೀಯ ಮಾನಕ ಬ್ಯೂರೋ ಸ್ವೀಕಾರಾರ್ಹ ಎನ್ನುವುದು 1.0, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5ರವರೆಗೆ. ಸಾರಾಂಶವಷ್ಟೇ ಓದಿದವರು ‘ಪರವಾಗಿಲ್ಲ, ಮಿತಿಯೊಳಗಿದೆ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಟೇಬಲ್ ತೆರೆದರೆ ಕನಿಷ್ಠ 0.2, ಗರಿಷ್ಠ 4.8. ಅಂದರೆ ಯಾವುದೋ ಹಳ್ಳಿಯ ಜನ ಮಿತಿಯ ಮೂರು ಪಟ್ಟು ಫ್ಲೋರೈಡ್ ಕುಡಿಯುತ್ತಿದ್ದಾರೆ. ಅವರನ್ನು ಆ ಸರಾಸರಿ ಮುಚ್ಚಿಟ್ಟಿದೆ. ಎಷ್ಟು ಬೋರ್‌ವೆಲ್‌ಗಳು 1.5 ದಾಟಿವೆ? ಆ ಎಣಿಕೆ ಪೇಪರಿನಲ್ಲಿ ಇಲ್ಲದಿದ್ದರೆ ಟೇಬಲ್ಲಿನಿಂದ ನೀವೇ ಎಣಿಸಿ ಬರೆದುಕೊಳ್ಳಿ.

ಮುಂದೆ ವಿಧಾನದ ಭಾಗ. ಮಾದರಿ ತೆಗೆದದ್ದು ಮೇ ತಿಂಗಳಲ್ಲೋ, ಮಳೆಗಾಲ ಮುಗಿದ ಮೇಲೋ? ಬೋರ್‌ವೆಲ್ ಆಳ ಹೇಳಿದ್ದಾರೆಯೇ? ಫ್ಲೋರೈಡನ್ನು ಅಯಾನ್ ಎಲೆಕ್ಟ್ರೋಡಿನಿಂದ ಅಳೆದಿದ್ದರೆ ನೀರಿಗೆ ಟಿಸಾಬ್ ಎಂಬ ಬಫರ್ ಬೆರೆಸಿದ್ದಾರೆಯೇ? ನೀರಿನಲ್ಲಿ ಅಲ್ಯೂಮಿನಿಯಂ ಅಥವಾ ಕಬ್ಬಿಣ ಇದ್ದರೆ ಅವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ಎಲೆಕ್ಟ್ರೋಡಿಗೆ ಅಷ್ಟು ಕಡಿಮೆ ಕಾಣುತ್ತದೆ. ಟಿಸಾಬ್ ಆ ಹಿಡಿತ ಬಿಡಿಸಿ ಪಿಎಚ್ ಅನ್ನೂ ಒಂದೇ ಮಟ್ಟದಲ್ಲಿಡುತ್ತದೆ. ಪೇಪರಿನಲ್ಲಿ ಅದರ ಮಾತೇ ಇಲ್ಲದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಇನ್ನೂ ಒಂದು ಹೆಜ್ಜೆ. ನೀರಿನಲ್ಲಿ ಧನ ಅಯಾನುಗಳ ವಿದ್ಯುದಾವೇಶದ ಮೊತ್ತವೂ ಋಣ ಅಯಾನುಗಳ ವಿದ್ಯುದಾವೇಶದ ಮೊತ್ತವೂ ಸಮ ಇರಬೇಕು. ಇದು ಪ್ರಕೃತಿಯ ಲೆಕ್ಕ, ಯಾರ ಅಭಿಪ್ರಾಯವೂ ಅಲ್ಲ. ಟೇಬಲ್ಲಿನ ಒಂದು ಸಾಲು ತೆಗೆದುಕೊಳ್ಳಿ. ಕ್ಯಾಲ್ಸಿಯಂ 40, ಮೆಗ್ನೀಸಿಯಂ 24.4, ಸೋಡಿಯಂ 115, ಬೈಕಾರ್ಬೊನೇಟ್ 366, ಕ್ಲೋರೈಡ್ 142, ಸಲ್ಫೇಟ್ 48, ಎಲ್ಲವೂ ಲೀಟರಿಗೆ ಮಿಲಿಗ್ರಾಂನಲ್ಲಿ. ಕ್ರಮವಾಗಿ 20, 12.2, 23, 61, 35.5, 48ರಿಂದ ಭಾಗಿಸಿದರೆ ಮಿಲಿಈಕ್ವಿವಲೆಂಟ್, ಅಂದರೆ ವಿದ್ಯುದಾವೇಶದ ಲೆಕ್ಕದ ಅಳತೆ, ಸಿಗುತ್ತದೆ. ಧನ ಅಯಾನುಗಳು 2, 2, 5, ಒಟ್ಟು 9. ಋಣ ಅಯಾನುಗಳು 6, 4, 1, ಒಟ್ಟು 11. ವ್ಯತ್ಯಾಸ 2, ಎರಡೂ ಕೂಡಿದರೆ 20, ಅಂದರೆ ಶೇ 10ರಷ್ಟು ತಪ್ಪು. ಶೇ 5ರೊಳಗಿದ್ದರೆ ವಿಶ್ಲೇಷಣೆ ಚೆನ್ನಾಗಿದೆ ಎನ್ನುವುದು ರೂಢಿ. ಪೊಟ್ಯಾಶಿಯಂ ಬಿಟ್ಟಿದ್ದಾರೆ ಅನ್ನೋಣವೆಂದರೆ ಅಂತರ್ಜಲದಲ್ಲಿ ಅದು ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಹಾಗಾದರೆ ಅಳತೆಯಲ್ಲಿ ಎಲ್ಲೋ ಎಡವಟ್ಟಾಗಿದೆ. ಒಂದು ಸಾಲು ಹೀಗಿದ್ದರೆ ಬಿಡಬಹುದು. ಹತ್ತು ಸಾಲು ಹೀಗಿದ್ದರೆ ಆ ಪೇಪರಿನ ಮೇಲೆ ನಿಮ್ಮ ಅಧ್ಯಾಯ ನಿಲ್ಲಿಸಬೇಡಿ.

ಇಷ್ಟಾದ ಮೇಲೆ ಚರ್ಚೆಯ ಭಾಗ ಓದಿದರೆ ಅದು ಬೇರೆಯೇ ಓದು. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು ಇರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಏರುತ್ತದೆ ಎಂದು ಲೇಖಕರು ಬರೆದಿದ್ದರೆ ನಿಮಗೆ ಕಾರಣ ಹೊಳೆಯುತ್ತದೆ: ಕ್ಯಾಲ್ಸಿಯಂ ಜಾಸ್ತಿ ಇದ್ದಲ್ಲಿ ಅದು ಫ್ಲೋರೈಡಿನ ಜೊತೆ ಸೇರಿ ಫ್ಲೋರೈಟ್ ಖನಿಜವಾಗಿ ತಳಕ್ಕೆ ಕೂರುತ್ತದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ತಡೆಯುವವರಿಲ್ಲ. ಅವರ ಟೇಬಲ್ಲಿನಲ್ಲೇ ಆ ಮಾತು ನಿಜವೇ ಎಂದು ಪರೀಕ್ಷಿಸುವ ಶಕ್ತಿ ಈಗ ನಿಮ್ಮ ಕೈಯಲ್ಲಿದೆ. ಆಳದ ಓದು ಎಂದರೆ ನನಗೆ ಇದು. ಹೀಗೆ ಓದುವುದಕ್ಕೆ ಎರಡು ಮೂರು ದಿನ ಬೇಕೇ ಬೇಕು. ಯಾರ ವಿಧಾನವನ್ನು ನೀವು ಬಳಸುತ್ತೀರೋ, ಯಾರ ತೀರ್ಮಾನವನ್ನು ನೀವು ಒಪ್ಪುವುದಿಲ್ಲವೋ, ಯಾವುದು ಸುಳ್ಳಾದರೆ ನಿಮ್ಮ ಥೀಸಿಸ್ ಬೀಳುತ್ತದೋ, ಅಂಥವಕ್ಕೆ ಮಾತ್ರ ಈ ಸಮಯ ಕೊಡಿ.

ಇತಿಹಾಸ, ಪುರಾತತ್ತ್ವ, ಸಮಾಜಶಾಸ್ತ್ರದವರು ‘ನಮ್ಮಲ್ಲಿ ಟೇಬಲ್ಲೇ ಇರುವುದಿಲ್ಲವಲ್ಲ’ ಎನ್ನಬಹುದು. ಚಿತ್ರದುರ್ಗ ಜಿಲ್ಲೆಯಲ್ಲೇ ಅದಕ್ಕೆ ಉತ್ತರವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದರು. ವರದಿ ‘ಏನ್ಷಂಟ್ ಇಂಡಿಯಾ’ ಪತ್ರಿಕೆಯ 4ನೇ ಸಂಚಿಕೆಯಲ್ಲಿ ಬಂತು. ಅವರು ಕಂಡದ್ದು ಮೂರು ಸಂಸ್ಕೃತಿಗಳ ಪದರು: ಕೆಳಗೆ ಕಲ್ಲುಕೊಡಲಿಯವರದ್ದು, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನರದ್ದು, ಎಲ್ಲಕ್ಕಿಂತ ಮೇಲೆ ಸಾತವಾಹನ ಕಾಲದ್ದು. ಮೇಲಿನ ಪದರಿನಲ್ಲಿ ಸಿಕ್ಕ ಒಂದು ಬಗೆಯ ಮಡಕೆ ಪುದುಚೇರಿ ಬಳಿಯ ಅರಿಕಮೇಡಿನಲ್ಲೂ ಸಿಕ್ಕಿತ್ತು. ಅಲ್ಲಿ ಅದರ ಜೊತೆಗೆ ಕಾಲ ಗೊತ್ತಿದ್ದ ರೋಮನ್ ವಸ್ತುಗಳಿದ್ದವು. ಆ ಎಳೆ ಹಿಡಿದು ವೀಲರ್ ಮೇಲಿನಿಂದ ಕೆಳಗೆ ಕಾಲ ಲೆಕ್ಕ ಹಾಕಿದರು, ಕಲ್ಲುಕೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ತಂದು ನಿಲ್ಲಿಸಿದರು. ಇಂಗಾಲವನ್ನು ಅಳೆದು ವಸ್ತುವಿನ ಕಾಲ ಹೇಳುವ ರೇಡಿಯೋ ಕಾರ್ಬನ್ ವಿಧಾನ ಬಂದದ್ದೇ ಅದಾದ ಮೇಲೆ, 1949ರಲ್ಲಿ. ದಕ್ಷಿಣ ಭಾರತದ ನವಶಿಲಾಯುಗದ (ಕಲ್ಲುಕೊಡಲಿ ಸಂಸ್ಕೃತಿ ಈ ಯುಗದ್ದೇ) ನೆಲೆಗಳಿಗೆ ಆ ವಿಧಾನ ಅನ್ವಯಿಸಿದಾಗ ಆರಂಭ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಹಿಂದೆ ಸರಿಯಿತು.

ಈಗ ಯೋಚಿಸಿ. ವೀಲರ್ ವರದಿಯನ್ನು ಓದಿ ‘ಬ್ರಹ್ಮಗಿರಿಯ ಕಲ್ಲುಕೊಡಲಿ ಸಂಸ್ಕೃತಿ ಕ್ರಿ.ಪೂ. 1000ದ ಸುಮಾರಿನದು’ ಎಂದಷ್ಟೇ ಟಿಪ್ಪಣಿ ಬರೆದವರ ಟಿಪ್ಪಣಿ ಇವತ್ತು ಕಸ. ಪದರುಗಳ ಕ್ರಮ, ಯಾವ ಪದರಿನಲ್ಲಿ ಏನು ಸಿಕ್ಕಿತು, ಕಾಲವನ್ನು ಯಾವ ಆಧಾರದಿಂದ ಊಹಿಸಿದರು ಎಂದು ಬಿಡಿಸಿ ಬರೆದವರ ಟಿಪ್ಪಣಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಪದರುಗಳ ಕ್ರಮ ಬದಲಾಗಿಲ್ಲ. ಟಿಪ್ಪಣಿ ಬರೆಯುವ ವಿದ್ಯೆಯ ಪ್ರಾಣ ಇರುವುದು ಈ ಬಿಡಿಸುವಿಕೆಯಲ್ಲಿ. ನಾನು ವಿದ್ಯಾರ್ಥಿಗಳಿಗೆ ಬರೆಯಲು ಹೇಳುವ ಟಿಪ್ಪಣಿ ಸುಮಾರು ಹೀಗಿರುತ್ತದೆ:

‘ವೀಲರ್, ಬ್ರಹ್ಮಗಿರಿ ವರದಿ. ನಾನು ಓದಿದ್ದು ಏಕೆ: ಕಲ್ಲುಕೊಡಲಿ ಪದರಿಗೂ ಸಮಾಧಿ ಪದರಿಗೂ ನಡುವೆ ಖಾಲಿ ಇದೆಯೇ ಎಂದು ನೋಡಲು. ಕಂಡದ್ದು: ಒಂದರ ಮೇಲೊಂದು ಮೂರು ಸಂಸ್ಕೃತಿ (ಪುಟ ಸಂಖ್ಯೆ). ಲೇಖಕರ ತೀರ್ಮಾನ: ಕಲ್ಲುಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನ. ಆಧಾರ: ಅರಿಕಮೇಡಿನ ಮಡಕೆಯಿಂದ ಹಿಂದಕ್ಕೆ ಲೆಕ್ಕ, ನೇರ ಅಳತೆ ಇಲ್ಲ. ನನ್ನ ಮಾತು: ಕಾಲ ಈಗ ನಿಲ್ಲುವುದಿಲ್ಲ, ಕ್ರಮ ನಿಲ್ಲುತ್ತದೆ. ಮುಂದೆ ನೋಡಬೇಕಾದ್ದು: ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ ನೆಲೆಯ ರೇಡಿಯೋ ಕಾರ್ಬನ್ ಕಾಲ.’

ಅರ್ಧ ಪುಟವೂ ಆಗಲಿಲ್ಲ. ಆದರೆ ಒಂದು ವರ್ಷ ಬಿಟ್ಟು ನೋಡಿದರೂ ಮೂಲವನ್ನು ಮತ್ತೆ ತೆರೆಯದೆ ಇದರಿಂದ ಒಂದು ಪ್ಯಾರಾ ಬರೆಯಬಹುದು. ‘ಕಂಡದ್ದು’, ‘ಲೇಖಕರ ತೀರ್ಮಾನ’, ‘ನನ್ನ ಮಾತು’ ಇವು ಮೂರೂ ಬೆರೆಯದಂತೆ ನೋಡಿಕೊಂಡರೆ ಉಳಿದದ್ದು ನಿಮ್ಮ ಇಷ್ಟ. ಪುಟ ಸಂಖ್ಯೆ ಮಾತ್ರ ಎಂದೂ ಬಿಡಬೇಡಿ. ಸಿನಾಪ್ಸಿಸ್ ಕೊಡುವ ಹಿಂದಿನ ರಾತ್ರಿ ಇನ್ನೂರು ಪುಟದ ವರದಿಯಲ್ಲಿ ಒಂದು ಸಾಲನ್ನು ಹುಡುಕುವ ಸಂಕಟ ಯಾರಿಗೂ ಬೇಡ.

ಇಂಗ್ಲಿಷ್ ಪೇಪರಿಗೆ ಟಿಪ್ಪಣಿ ಕನ್ನಡದಲ್ಲಿ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ವಾಕ್ಯ ಕನ್ನಡದ್ದಾಗಿರಲಿ. ಇಂಗ್ಲಿಷಿನ ವಾಕ್ಯವನ್ನು ಅರ್ಥವಾಗದೆಯೂ ನಕಲು ಮಾಡಬಹುದು. ಆದರೆ ಅರ್ಥವಾಗದ್ದನ್ನು ಕನ್ನಡದಲ್ಲಿ ನಮ್ಮ ಮಾತಿನಲ್ಲಿ ಬರೆಯಲು ಬರುವುದಿಲ್ಲ, ಪೆನ್ನು ಅಲ್ಲೇ ನಿಲ್ಲುತ್ತದೆ. ನಿಂತ ಜಾಗವೇ ಮತ್ತೆ ಓದಬೇಕಾದ ಜಾಗ. ಇನ್ನೊಂದು ಲಾಭವೂ ಇದೆ. ನಕಲು ಮಾಡಿದ ಇಂಗ್ಲಿಷ್ ವಾಕ್ಯಗಳು ನೋಟ್ಸಿನಲ್ಲಿ ಆರು ತಿಂಗಳು ಕೂತರೆ ಅವು ಯಾರವು ಎಂಬುದೇ ಮರೆತುಹೋಗಿ ಥೀಸಿಸ್ಸಿಗೆ ನುಸುಳುತ್ತವೆ. ಕೃತಿಚೌರ್ಯದ ಎಷ್ಟೋ ಪ್ರಕರಣಗಳು ಕೆಟ್ಟ ಉದ್ದೇಶದಿಂದ ಹುಟ್ಟಿದವಲ್ಲ, ಕೆಟ್ಟ ಟಿಪ್ಪಣಿಯಿಂದ ಹುಟ್ಟಿದವು. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಶೇ 60 ದಾಟಿದರೆ ಪಿಎಚ್‌ಡಿ ನೋಂದಣಿಯೇ ರದ್ದು. ಮೂಲದ ಮಾತನ್ನು ಹಾಗೇ ಎತ್ತಿಕೊಳ್ಳುವುದಿದ್ದರೆ ಆ ಕ್ಷಣವೇ ಉದ್ಧರಣ ಚಿಹ್ನೆ, ಪುಟ ಸಂಖ್ಯೆ ಹಾಕಿ.

ಹಳದಿ ಬಣ್ಣದ ವಿಚಾರಕ್ಕೆ ಬರೋಣ. 2013ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ಸಂಶೋಧನೆಗಳ ಆಧಾರದಲ್ಲಿ ತೂಗಿ ನೋಡಿದರು. ಗೆರೆ ಎಳೆಯುವುದು, ಹೈಲೈಟ್ ಮಾಡುವುದು, ಮತ್ತೆ ಮತ್ತೆ ಓದುವುದು ಕಡಿಮೆ ಉಪಯೋಗದ ಸಾಲಿಗೆ ಬಂದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಹಲವು ದಿನಗಳಿಗೆ ಹಂಚಿಕೊಂಡು ಓದುವುದು ಹೆಚ್ಚು ಉಪಯೋಗದ ಸಾಲಿಗೆ. ಆ ಅಧ್ಯಯನಗಳು ಮುಖ್ಯವಾಗಿ ವಿದ್ಯಾರ್ಥಿಗಳು ಪಾಠ ಕಲಿಯುವುದರ ಬಗ್ಗೆ, ನಿಜ. ಆದರೂ ಪೇಪರ್ ಓದಿಗೆ ಇದರಿಂದ ಒಂದು ಅಭ್ಯಾಸ ಸಿಗುತ್ತದೆ: ಓದಿ ಮುಗಿಸಿ ಪಿಡಿಎಫ್ ಮುಚ್ಚಿ, ಆಮೇಲೆ ನೆನಪಿನಿಂದ ಟಿಪ್ಪಣಿ ಬರೆಯಿರಿ. ಅಂಕಿಗಳನ್ನು, ಪುಟಗಳನ್ನು ಕೊನೆಗೆ ತೆರೆದು ತುಂಬಿಕೊಳ್ಳಿ. ಕೈಬರಹವೋ ಟೈಪಿಂಗೋ ಎಂಬ ಜಗಳದಲ್ಲಿ ನಾನು ಯಾವ ಪಕ್ಷಕ್ಕೂ ಸೇರಿಲ್ಲ. ಕೈಬರಹವೇ ಮೇಲು ಎಂದ 2014ರ ಹೆಸರಾಂತ ಅಧ್ಯಯನವನ್ನು 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಉಪಕರಣಗಳ ಮಾತು ಬೇಗ ಮುಗಿಸುತ್ತೇನೆ. ಪೇಪರುಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಉಚಿತ, ಅದನ್ನು ಮೊದಲ ವಾರವೇ ಹಾಕಿಕೊಳ್ಳಿ. ಉಲ್ಲೇಖ ಪಟ್ಟಿ ತಾನೇ ಮಾಡಿಕೊಡುತ್ತದೆ. ಹಿಂತೆಗೆದುಕೊಂಡ ಪೇಪರ್ ನಿಮ್ಮ ಸಂಗ್ರಹದಲ್ಲಿದ್ದರೆ ಎಚ್ಚರಿಕೆಯನ್ನೂ ಕೊಡುತ್ತದೆ. ಇದು ಸಣ್ಣ ವಿಷಯವಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ವೇಕ್‌ಫೀಲ್ಡ್ ಪೇಪರ್ ‘ಲ್ಯಾನ್ಸೆಟ್’ನಲ್ಲಿ ಬಂದದ್ದು 1998ರಲ್ಲಿ, ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ ಹನ್ನೆರಡು ವರ್ಷ ಅದನ್ನು ಆಧಾರವಾಗಿಟ್ಟುಕೊಂಡವರ ಬಗ್ಗೆ ಯೋಚಿಸಿ. ಇನ್ನು, ಎಐಗೆ ಪಿಡಿಎಫ್ ಕೊಟ್ಟು ಸಾರಾಂಶ ಬರೆಸಿಕೊಳ್ಳುವುದು ಈಗ ಎಲ್ಲರ ಕೈಗೂ ಬಂದಿದೆ. ಮೊದಲ ಸುತ್ತಿಗೆ ಬಳಸಿಕೊಳ್ಳಿ, ತಕರಾರಿಲ್ಲ. ಮೂರನೇ ಸುತ್ತಿನಲ್ಲಿ ನೀವು ಹುಡುಕುವುದು ಲೇಖಕರು ಬರೆಯದೇ ಬಿಟ್ಟದ್ದನ್ನು: ಟಿಸಾಬ್ ಇಲ್ಲದ ವಿಧಾನ, ತಾಳೆಯಾಗದ ಮೊತ್ತ, ಹೇಳದ ತಿಂಗಳು. ಅದನ್ನು ಸಾರಾಂಶದ ಕೈಗೆ ಕೊಡಬೇಡಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಎಲ್ಲಿಗೆ ನಿಲ್ಲಿಸಬೇಕು? ನಾನು ಹೇಳುವ ಗುರುತು ಇಷ್ಟು. ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಒಂದು ಹೊಸ ಪೇಪರ್ ತೆರೆದು ನೇರವಾಗಿ ಉಲ್ಲೇಖಗಳ ಪಟ್ಟಿಗೆ ಹೋಗಿ. ಅದರಲ್ಲಿ ನಿಮ್ಮ ವಿಷಯಕ್ಕೆ ಸಂಬಂಧಪಟ್ಟ ಹೆಸರುಗಳೆಲ್ಲ ನಿಮ್ಮ ಟಿಪ್ಪಣಿಗಳಲ್ಲಿ ಆಗಲೇ ಇದ್ದರೆ, ಪೀಠಿಕೆಯಲ್ಲಿ ಅವರು ಮುಂದೆ ಏನು ಹೇಳಬಹುದೆಂದು ನಿಮಗೆ ಮೊದಲೇ ಗೊತ್ತಾಗುತ್ತಿದ್ದರೆ, ಇನ್ನೊಂದು ಎರಡು ಪೇಪರಿನಲ್ಲಿ ಅದನ್ನೇ ಪರೀಕ್ಷಿಸಿ. ಅಲ್ಲೂ ಹಾಗೇ ಆದರೆ ಓದು ಸದ್ಯಕ್ಕೆ ಸಾಕು. ಫೀಲ್ಡಿಗೆ ಹೋಗಿ, ಮಾದರಿ ತನ್ನಿ, ಅಧ್ಯಾಯ ಶುರು ಮಾಡಿ. ಬರೆಯುತ್ತಾ ಹೋದಂತೆ ಹೊಸ ಪ್ರಶ್ನೆ ಏಳುತ್ತದೆ, ಆಗ ಹತ್ತೇ ನಿಮಿಷಕ್ಕೆ ಬಿಟ್ಟಿದ್ದ ಯಾವುದೋ ಪೇಪರ್ ಮೂರು ದಿನದ ಓದಿಗೆ ಬರುತ್ತದೆ. ಅದಕ್ಕೆಂದೇ ಮೊದಲ ಸುತ್ತಿಗೆ ಬಿಟ್ಟ ಪೇಪರಿಗೂ ಒಂದು ಸಾಲಿನ ಟಿಪ್ಪಣಿ ಇರಬೇಕು: ಇದರಲ್ಲಿ ಏನಿದೆ, ನಾನು ಏಕೆ ಬಿಟ್ಟೆ.